ನಿಮಗಿದು ಗೊತ್ತೆ? ನಡುನೀರಿನಲ್ಲೂ ಉಂಟು ‘ಪ್ರವೇಶವಿಲ್ಲ’

ನಾರಾಯಣಪುರ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ದೇವದುರ್ಗ ತಾಲ್ಲೂಕಿನ ಹೂವಿನಹೆಡಗಿ ಸೇತುವೆ ಮುಳುಗುತ್ತದೆ. ಪೊಲೀಸರು ಬ್ಯಾರಿಕೇಡ್ ಇಡುತ್ತಾರೆ, ನದಿಗೆ ತೆಪ್ಪ ಇಳಿಸಬೇಡಿ ಎಂಬ ಎಚ್ಚರಿಕೆಯೂ ಬರುತ್ತದೆ. ಸರಿ, ಸಮುದ್ರದಲ್ಲಿ ಬ್ಯಾರಿಕೇಡ್ ಎಲ್ಲಿ ನಿಲ್ಲಿಸುವುದು?

ಅದಕ್ಕೆಂದೇ ನೀಲಿ, ಹಳದಿ ಉದ್ದಪಟ್ಟೆಗಳ ತೇಲುಗುರುತು ಇದೆ. ಹೊಸದಾಗಿ ಮುಳುಗಿದ ಹಡಗಿನ ಸುತ್ತ ಇದನ್ನು ಲಂಗರು ಹಾಕಿ ನಿಲ್ಲಿಸುತ್ತಾರೆ. ರಾತ್ರಿ ಒಮ್ಮೆ ನೀಲಿ, ಒಮ್ಮೆ ಹಳದಿ ದೀಪ ಮಿನುಗುತ್ತದೆ. ಇದು ಹುಟ್ಟಿದ್ದು ಪೆಟ್ಟು ತಿಂದ ಮೇಲೆ. 2002ರ ಡಿಸೆಂಬರ್ 14ರಂದು ಇಂಗ್ಲಿಷ್ ಕಾಲುವೆಯಲ್ಲಿ ಸುಮಾರು 2,900 ಕಾರು ಹೊತ್ತ ‘ಟ್ರೈಕಲರ್’ ಹಡಗು ಮುಳುಗಿತು. ಕಾವಲಿದ್ದರೂ ಎರಡೇ ದಿನಕ್ಕೆ ‘ನಿಕೋಲಾ’, 2003ರ ಹೊಸ ವರ್ಷದ ದಿನ ‘ವಿಕಿ’ ಹಡಗು ಬಂದು ಅದಕ್ಕೇ ಗುದ್ದಿದವು! ನಮ್ಮ ಸಂತೆದಿನದ ರಸ್ತೆಯೇ ವಾಸಿ.

ನಮ್ಮ ಕರಾವಳಿಯೂ ಇಂಥದ್ದನ್ನು ಕಂಡಿದೆ. 2022ರ ಜೂನ್‌ನಲ್ಲಿ ಉಕ್ಕಿನ ಸುರುಳಿ ತುಂಬಿದ್ದ ‘ಪ್ರಿನ್ಸೆಸ್ ಮಿರಾಲ್’ ಮಂಗಳೂರಿನ ಉಳ್ಳಾಲದ ಬಳಿ ಮುಳುಗಿತು. ಅದರಲ್ಲಿದ್ದ 15 ಮಂದಿಯನ್ನೂ ಕರಾವಳಿ ಕಾವಲು ಪಡೆ ಉಳಿಸಿತು. 2025ರ ಮೇ 25ರಂದು ಕೊಚ್ಚಿ ಸಮೀಪ 640 ಕಂಟೇನರ್‌ಗಳೊಂದಿಗೆ ‘ಎಂಎಸ್‌ಸಿ ಎಲ್ಸಾ 3’ ತಳ ಸೇರಿದಾಗ, ಅದರ ಸುತ್ತ 20 ನಾಟಿಕಲ್ ಮೈಲಿ, ಅಂದರೆ ಸುಮಾರು 37 ಕಿ.ಮೀ. ಒಳಗೆ ಮೀನು ಹಿಡಿಯಬಾರದೆಂದು ಕೇರಳ ಸರ್ಕಾರ ಸೂಚಿಸಿತು. ಕೆಲವು ಕಂಟೇನರ್‌ಗಳಲ್ಲಿ ಇದ್ದದ್ದು ಕ್ಯಾಲ್ಸಿಯಂ ಕಾರ್ಬೈಡ್: ನೀರು ತಾಕಿದರೆ ಹೊತ್ತಿ ಉರಿಯುವ ಅನಿಲ ಬಿಡುವ ರಾಸಾಯನಿಕ.