ಡೈರೆಕ್ಟರ್ ಬಿಟ್ಟು ಹೋದ್ರೆ ಕಂಪನಿ ಬಾಕಿ ಯಾರು ಕೊಡಬೇಕು?

ಕೊಟ್ಟೂರು: ಹೊರಗಿನ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ ತಾಲ್ಲೂಕಿನಲ್ಲಿ ಕೆಲಸ ಹಿಡೀತು ಅಂತಿಟ್ಟುಕೊಳ್ಳಿ. ಹಾರ್ಡ್‌ವೇರ್ ಅಂಗಡಿಯಿಂದ ಸಿಮೆಂಟ್, ಕಬ್ಬಿಣ, ಕಿರಾಣಿ ಅಂಗಡಿಯಿಂದ ಕೆಲಸಗಾರರಿಗೆ ಅಕ್ಕಿ ಬೇಳೆ, ಎಲ್ಲಾ ಉದ್ರಿ. ಎರಡು ತಿಂಗಳು ದುಡ್ಡು ಸರಿಯಾಗಿ ಬರುತ್ತೆ. ಮೂರನೇ ತಿಂಗಳು ಕೇಳೋಕೆ ಹೋದ್ರೆ, 'ಹಳೇ ಸಾಹೇಬ್ರು ಬಿಟ್ಟು ಹೋದ್ರು, ಅವರು ತಗೊಂಡಿದ್ದು ನಮಗೆ ಗೊತ್ತಿಲ್ಲ' ಅನ್ನೋ ಉತ್ತರ. ಅಂಗಡಿಯವರ ದುಡ್ಡು ಹೋದಂತೆಯೇ?

ಇಲ್ಲ. ಆದರೆ ಸುಲಭಕ್ಕೆ ಬರುತ್ತೆ ಅಂತಲೂ ಇಲ್ಲ. ಎರಡಕ್ಕೂ ಕಾರಣ ಒಂದೇ.

ಸಾಲಗಾರ ಯಾರು?

ಕಾನೂನಿನ ಕಣ್ಣಲ್ಲಿ ಕಂಪನಿ ಅಂದ್ರೆ ಬೇರೆಯೇ ಒಬ್ಬ ವ್ಯಕ್ತಿ ಇದ್ದಂತೆ. ಬಿಲ್ ಕಂಪನಿ ಹೆಸರಲ್ಲಿದ್ದರೆ ಸಾಲಗಾರ ಕಂಪನಿಯೇ, ಸಹಿ ಹಾಕಿದ ಮ್ಯಾನೇಜರ್ ಅಲ್ಲ. ಹಾಗಾಗಿ ಡೈರೆಕ್ಟರ್ ಬದಲಾದರೂ, ಷೇರು ಬೇರೆಯವರ ಕೈಗೆ ಹೋದರೂ, ಹಳೇ ಕರಾರು ಮತ್ತು ಹಳೇ ಬಾಕಿ ಕಂಪನಿ ಮೇಲೆಯೇ ಉಳಿಯುತ್ತೆ. 'ನಮಗೆ ಗೊತ್ತಿಲ್ಲ' ಎಂದು ಹೊಸಬರು ಹೇಳುವಂತಿಲ್ಲ.

ಇದರ ಇನ್ನೊಂದು ಮುಖವೂ ಇದೆ. ಕಂಪನಿ ಕೈಯಲ್ಲಿ ಏನೂ ಇಲ್ಲದಿದ್ದರೆ, ಡೈರೆಕ್ಟರ್ ಮನೆ, ಹೊಲದ ಮೇಲೆ ಕೈ ಹಾಕಲು ಸಾಮಾನ್ಯವಾಗಿ ಬರಲ್ಲ. ಒಬ್ಬರೇ ಮಾಲೀಕರ ಅಂಗಡಿಯಾದರೆ ಮಾಲೀಕರೇ ಹೊಣೆ. ಪಾಲುದಾರಿಕೆಯಲ್ಲಿ ಪಾಲುದಾರರೂ ಹೊಣೆ. 'ಲಿಮಿಟೆಡ್' ಅಂತ ಬೋರ್ಡ್ ಇದ್ದಲ್ಲಿ ಈ ಅನುಕೂಲ ಇಲ್ಲ.

ರೈತ ಉತ್ಪಾದಕ ಕಂಪನಿಗಳಿಗೂ ಇದೇ ನಿಯಮ. ಅಲ್ಲಿ ಕನಿಷ್ಠ 5, ಗರಿಷ್ಠ 15 ನಿರ್ದೇಶಕರು ಮತ್ತು ಒಬ್ಬ ಸಿಇಒ ಇರಬೇಕು. ಆಡಳಿತ ಮಂಡಳಿ ಬದಲಾದರೂ ಗೊಬ್ಬರ, ಬೀಜದ ಅಂಗಡಿಗೆ ಕೊಡಬೇಕಾದ ಬಾಕಿ ಕಂಪನಿಯದೇ. ಸದಸ್ಯ ರೈತರು ತಮ್ಮ ಷೇರು ಹಣಕ್ಕಷ್ಟೇ ಹೊಣೆ.

ಕಾಫಿ ಡೇ ಕತೆ

ದೊಡ್ಡ ಉದಾಹರಣೆ ಬೇಕೆಂದರೆ ನಮ್ಮ ರಾಜ್ಯದ್ದೇ ಇದೆ. 2019ರ ಜುಲೈನಲ್ಲಿ ಕಾಫಿ ಡೇ ಸಂಸ್ಥಾಪಕ ವಿ.ಜಿ. ಸಿದ್ಧಾರ್ಥ ತೀರಿಕೊಂಡಾಗ ಕಂಪನಿ ಮೇಲೆ ಸಾವಿರಾರು ಕೋಟಿ ಸಾಲವಿತ್ತು. ರಾಜ್ಯದ ಮಾಜಿ ಮುಖ್ಯ ಕಾರ್ಯದರ್ಶಿ ಎಸ್.ವಿ. ರಂಗನಾಥ್ ಹಂಗಾಮಿ ಅಧ್ಯಕ್ಷರಾದರು. 2020ರ ಡಿಸೆಂಬರ್‌ನಲ್ಲಿ ಮಾಳವಿಕಾ ಹೆಗ್ಡೆ ಸಿಇಒ ಆದರು. ತಲೆಯಾಳು ಬದಲಾದರು, ಸಾಲ ಮಾತ್ರ ಬದಲಾಗಲಿಲ್ಲ. ಬೆಂಗಳೂರಿನ ಗ್ಲೋಬಲ್ ವಿಲೇಜ್ ಟೆಕ್ ಪಾರ್ಕನ್ನು ಸುಮಾರು 2,700 ಕೋಟಿ ರೂ.ಗೆ ಮಾರುವ ಒಪ್ಪಂದ ಮಾಡಿಕೊಂಡು ಕಂಪನಿ ಸಾಲ ಇಳಿಸಬೇಕಾಯಿತು.

ಅಷ್ಟಾದರೂ ಮುಗಿಯಲಿಲ್ಲ. ಸುಮಾರು 228 ಕೋಟಿ ರೂ. ಬಾಕಿ ಎಂದು ಸಾಲ ಕೊಟ್ಟವರ ಪರವಾಗಿ ಸಲ್ಲಿಸಿದ ದಿವಾಳಿ ಅರ್ಜಿಯನ್ನು ಬೆಂಗಳೂರಿನ ಕಂಪನಿ ಕಾನೂನು ನ್ಯಾಯಮಂಡಳಿ 2024ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. 2025ರ ಫೆಬ್ರವರಿಯಲ್ಲಿ ಮೇಲ್ಮನವಿ ಮಂಡಳಿ ಆ ಆದೇಶ ರದ್ದು ಮಾಡಿತು. ಐದು ವರ್ಷದ ನಂತರವೂ ಸಾಲ ಕೊಟ್ಟವರು ಕೇಳಿದ್ದು ಕಂಪನಿಯನ್ನೇ ಅನ್ನೋದು ಇಲ್ಲಿ ಗಮನಿಸಬೇಕಾದ ಮಾತು.

ಉದ್ರಿ ಕೊಡುವ ಮೊದಲು ಏನು ನೋಡಬೇಕು?

ಕಂಪನಿಯ ಬಿಲ್, ಲೆಟರ್‌ಹೆಡ್ ಮೇಲೆ ಹೆಸರು, ನೋಂದಾಯಿತ ವಿಳಾಸ ಮತ್ತು ಸಿಐಎನ್ ಎಂಬ 21 ಅಕ್ಷರ-ಅಂಕಿಗಳ ಸಂಖ್ಯೆ ಇರಲೇಬೇಕು. ಅದು ಇಲ್ಲದಿದ್ದರೆ ಅಲ್ಲೇ ಅನುಮಾನಪಡಿ. ಇದ್ದರೆ ಕೇಂದ್ರ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ವೆಬ್‌ಸೈಟ್‌ನಲ್ಲಿ ಆ ನಂಬರ್ ಹಾಕಿ ಹುಡುಕಿ. ಈ ಮೂರು ವಿಷಯ ನೋಡ್ಕೊಳ್ಳಿ:

1. ಡೈರೆಕ್ಟರ್‌ಗಳು ಯಾರು? ಹೊಸಬರು ಬಂದರೂ ಹಳಬರು ಹೋದರೂ ಕಂಪನಿ 30 ದಿನದೊಳಗೆ ಡಿಐಆರ್-12 ಅರ್ಜಿ ಹಾಕಬೇಕು. ಪದೇ ಪದೇ ಬದಲಾಗುತ್ತಿದ್ದರೆ ಎಚ್ಚರ.

2. ಚಾರ್ಜ್ ಇದೆಯಾ? ಅಂದ್ರೆ ಮಿಷನ್ನು, ದಾಸ್ತಾನು, ಜಾಗ ಬ್ಯಾಂಕಿಗೆ ಅಡವಿದೆಯಾ? ಇದ್ದರೆ ಅವುಗಳ ಮೇಲೆ ಮೊದಲ ಹಕ್ಕು ಬ್ಯಾಂಕಿನದು, ಅಂಗಡಿಯವರ ಸರದಿ ಆಮೇಲೆ.

3. ಲೆಕ್ಕಪತ್ರ ಯಾವ ವರ್ಷದ್ದು? ಸಣ್ಣ ಶುಲ್ಕ ಕಟ್ಟಿದರೆ ಬ್ಯಾಲೆನ್ಸ್ ಶೀಟ್ ಸಿಗುತ್ತೆ. ಅದರ ಕೊನೆಯ ಟಿಪ್ಪಣಿಗಳಲ್ಲಿ, ಕಂಪನಿ ಒಪ್ಪಿಕೊಂಡು ಇನ್ನೂ ಲೆಕ್ಕಕ್ಕೆ ಬರದ ಹೊಣೆಗಳು, ಕೋರ್ಟ್ ಕೇಸು, ಬೇರೆಯವರಿಗೆ ಕೊಟ್ಟ ಗ್ಯಾರಂಟಿಗಳನ್ನು ಬರೆದಿರುತ್ತಾರೆ. ಲಾಭದ ಸಾಲಿಗಿಂತ ಮೊದಲು ಅದನ್ನು ಓದಿ.

ಬಾಕಿ ದೊಡ್ಡದಾದರೆ ಡೈರೆಕ್ಟರ್ ಹತ್ರ ವೈಯಕ್ತಿಕ ಗ್ಯಾರಂಟಿ ಬರೆಸಿಕೊಳ್ಳಿ. ಗ್ಯಾರಂಟಿ ಕೊಟ್ಟವರು ಆಮೇಲೆ ರಾಜೀನಾಮೆ ಕೊಟ್ಟರೂ, ಅಲ್ಲಿವರೆಗಿನ ಬಾಕಿಗೆ ಅವರ ಹೊಣೆ ತಪ್ಪಲ್ಲ.

ದುಡ್ಡು ಬರದಿದ್ದರೆ?

ಕಂಪನಿ ಚೆಕ್ ಬೌನ್ಸ್ ಆದ್ರೆ, ಬ್ಯಾಂಕಿನಿಂದ ವಿಷಯ ತಿಳಿದ 30 ದಿನದೊಳಗೆ ನೋಟಿಸ್ ಕೊಡಬೇಕು. ನೋಟಿಸ್ ತಲುಪಿ 15 ದಿನವಾದರೂ ದುಡ್ಡು ಬರದಿದ್ದರೆ, ನಂತರದ ಒಂದು ತಿಂಗಳಲ್ಲಿ ಕೋರ್ಟಿಗೆ ದೂರು. ಇಲ್ಲಿ ಕಂಪನಿ ಜೊತೆ, ಆಗ ವ್ಯವಹಾರ ನೋಡಿಕೊಳ್ಳುತ್ತಿದ್ದ ಡೈರೆಕ್ಟರ್ ಕೂಡ ಆರೋಪಿ ಆಗ್ತಾರೆ. ಅದಕ್ಕೇ ಆ ದಿನ ಯಾರಿದ್ದರು ಅನ್ನೋದು ಮುಖ್ಯ.

ಸಣ್ಣ ಉದ್ಯಮಗಳಿಗೆ 45 ದಿನದೊಳಗೆ ಹಣ ಕೊಡಬೇಕು, ಬರಹದಲ್ಲಿ ಕರಾರಿಲ್ಲದಿದ್ದರೆ 15 ದಿನ ಎಂಬ ಕಾಯ್ದೆ 2006ರಿಂದ ಇದೆ. ಮಂಡಕ್ಕಿ ಭಟ್ಟಿ, ವೆಲ್ಡಿಂಗ್ ಶಾಪ್, ಪ್ರಿಂಟಿಂಗ್ ಪ್ರೆಸ್‌ನಂಥವರು ಉದ್ಯಮ್ ನೋಂದಣಿ ಮೊದಲೇ ಮಾಡಿಸಿಟ್ಟುಕೊಂಡರೆ ಇದನ್ನು ಬಳಸಬಹುದು. ಆದರೆ ಮಾಲು ತಂದು ಮಾರುವ ವ್ಯಾಪಾರಿಗಳು ಮೋಸ ಹೋಗೋದು ಇಲ್ಲೇ. 2021ರಲ್ಲಿ ಅವರಿಗೂ ಉದ್ಯಮ್ ನೋಂದಣಿ ಕೊಟ್ಟರೂ, ಅದು ಬ್ಯಾಂಕ್ ಸಾಲದ ಆದ್ಯತೆಗೆ ಮಾತ್ರ. 45 ದಿನದ ರಕ್ಷಣೆ ಅವರಿಗಿಲ್ಲ.

ದಿವಾಳಿ ಅರ್ಜಿಯೂ ಸಣ್ಣ ಅಂಗಡಿಗೆ ದೂರದ ಮಾತು. ಮೊದಲು 1 ಲಕ್ಷ ರೂ. ಬಾಕಿ ಇದ್ದರೆ ಸಾಕಿತ್ತು, 2020ರ ಮಾರ್ಚ್‌ನಿಂದ ಅದು 1 ಕೋಟಿ ಆಗಿದೆ. ಹೀಗಾಗಿ ಉಳಿಯೋದು ಸಿವಿಲ್ ದಾವೆ. ಅದಕ್ಕೂ ಸಾಮಾನ್ಯವಾಗಿ ಮೂರು ವರ್ಷದ ಗಡುವು. 'ನಾಳೆ ಬಾ, ನಾಡಿದ್ದು ಬಾ' ಅನ್ನಿಸಿಕೊಂಡು ಸುತ್ತುವುದರಲ್ಲೇ ಅದು ಮುಗಿದು ಹೋಗಬಾರದು.

ಆದ್ದರಿಂದ ಬಿಲ್ ಬರೆಯುವಾಗ 'ಸೈಟ್ ಸಾಹೇಬ್ರು' ಅಂತ ಬರೆಯಬೇಡಿ. ಕಂಪನಿಯ ಪೂರ್ತಿ ಹೆಸರು, ಜಿಎಸ್‌ಟಿ ನಂಬರ್ ಬರೆದು, ಮಾಲು ಮುಟ್ಟಿದ್ದಕ್ಕೆ ಸಹಿ, ಸೀಲು ಹಾಕಿಸಿಕೊಳ್ಳಿ. ಡೈರೆಕ್ಟರ್ ಬದಲಾದ ಸುದ್ದಿ ಬಂದ ಕೂಡಲೇ, ಇಷ್ಟು ಬಾಕಿ ಇದೆ ಎಂದು ಕಂಪನಿಯ ಲೆಟರ್‌ಹೆಡ್‌ನಲ್ಲೇ ಬರೆಸಿಕೊಳ್ಳಿ. ಸಾಹೇಬ್ರು ಊರು ಬಿಟ್ಟರೂ ಆ ಕಾಗದ ನಿಮ್ಮ ಗಲ್ಲಾಪೆಟ್ಟಿಗೆಯಲ್ಲೇ ಇರುತ್ತೆ.