ನಿಮಗಿದು ಗೊತ್ತೇ? ಬೋಸ್ಟನ್ನಿನ ಐಸು, ಬಂಗಾಳದ ಹೆಬ್ಬೆಟ್ಟು

ಏಕಾದಶಿಯ ದಿನ ಅನ್ನ ಮುಟ್ಟದವರ ಮನೆಯಲ್ಲೂ ಸಬ್ಬಕ್ಕಿ ಖಿಚಡಿಗೆ ಅಡ್ಡಿಯಿಲ್ಲ. ಅದರೊಳಗೆ ಏನೇನಿದೆ ನೋಡಿ: ಮರಗೆಣಸಿನ ಹಿಟ್ಟಿನಿಂದ ಮಾಡಿದ ಸಬ್ಬಕ್ಕಿ, ಶೇಂಗಾ, ಆಲೂಗಡ್ಡೆ, ಹಸಿಮೆಣಸಿನಕಾಯಿ. ನಾಲ್ಕರ ತವರೂ ಅಮೆರಿಕ ಖಂಡ. 1492ರಲ್ಲಿ ಕೊಲಂಬಸ್ ಅತ್ತ ಹಡಗು ಬಿಟ್ಟ ಮೇಲಷ್ಟೇ ಇವು ಸಮುದ್ರ ದಾಟಿದ್ದು. ಮೆಣಸಿನಕಾಯಿಯನ್ನು ನಮ್ಮ ಕರಾವಳಿಗೆ ತಂದವರು ಪೋರ್ಚುಗೀಸರು. ಅದಕ್ಕೆ ಮೊದಲು ನಮ್ಮ ಸಾರಿಗೆ ಖಾರ ಕೊಡುತ್ತಿದ್ದದ್ದು ಮಲೆನಾಡಿನ ಕಾಳುಮೆಣಸು.

ಕೃಷ್ಣದೇವರಾಯ ಆಲೂಗಡ್ಡೆ ಪಲ್ಯದ ರುಚಿ ಕಂಡವನಲ್ಲ. ಅವನು ತೀರಿಕೊಂಡದ್ದು 1529ರಲ್ಲಿ. ಸ್ಪೇನಿನವರು ಆಂಡಿಸ್ ಪರ್ವತಗಳಲ್ಲಿ ಆಲೂಗಡ್ಡೆಯನ್ನು ಮೊದಲು ನೋಡಿದ್ದೇ 1530ರ ದಶಕದಲ್ಲಿ.

ಹಾಗಾದರೆ ರಾಗಿಯಾದರೂ ನಮ್ಮದೇ ಮಣ್ಣಿನದೇ? ಅದರ ಹುಟ್ಟು ಪೂರ್ವ ಆಫ್ರಿಕಾದ ಎತ್ತರದ ಸೀಮೆಯಲ್ಲಿ. ಸಾವಿರಾರು ವರ್ಷಗಳ ಹಿಂದೆಯೇ ಇಲ್ಲಿಗೆ ಬಂದು ಬೇರೂರಿತು. ಉಗಾಂಡದ ಪಶ್ಚಿಮ ಭಾಗದಲ್ಲಿ ಇವತ್ತಿಗೂ ಕುದಿಯುವ ನೀರಿಗೆ ರಾಗಿಹಿಟ್ಟು ಹಾಕಿ, ಕೋಲಿನಿಂದ ತಿರುವಿ, ಗಟ್ಟಿಯಾದ ಮೇಲೆ ಕೈಯಲ್ಲಿ ಮುರಿದು ಸಾರಿಗೆ ಅದ್ದಿ ತಿನ್ನುತ್ತಾರೆ. ಹೆಸರು ಕಾಲೊ. ಮಂಡ್ಯದವರನ್ನು ಆ ಪಂಕ್ತಿಯಲ್ಲಿ ಕೂರಿಸಿದರೆ ಬಾಳೆಲೆಯ ಮುಂದೆ ಕೂತಷ್ಟೇ ಸಲೀಸಾಗಿ ಉಂಡು ಏಳುತ್ತಾರೆ.

ಗೀರುವ ಬೆಂಕಿಕಡ್ಡಿಗಿಂತ ಲೈಟರ್ ಹಳೆಯದು! ಜರ್ಮನಿಯ ಡೋಬೆರೈನರ್ ಜಲಜನಕವನ್ನು ಪ್ಲಾಟಿನಂ ಮೇಲೆ ಹಾಯಿಸಿ ಬೆಂಕಿ ಹೊತ್ತಿಸುವ ದೀಪ ಮಾಡಿದ್ದು 1823ರಲ್ಲಿ. ಇಂಗ್ಲೆಂಡಿನ ಔಷಧ ವ್ಯಾಪಾರಿ ಜಾನ್ ವಾಕರ್ ಗೀರುವ ಕಡ್ಡಿ ಮಾರಲು ಶುರುಮಾಡಿದ್ದು 1827ರಲ್ಲಿ.

ಡಬ್ಬಿಯಲ್ಲಿ ಆಹಾರ ತುಂಬಿಡುವ ವಿಧಾನಕ್ಕೆ 1810ರಲ್ಲೇ ಪೇಟೆಂಟ್ ಸಿಕ್ಕಿತ್ತು. ಆದರೆ ಡಬ್ಬಿ ತೆರೆಯಲೆಂದೇ ಮಾಡಿದ ಉಪಕರಣ ಬಂದದ್ದು 1850ರ ದಶಕದಲ್ಲಿ. ಅಲ್ಲಿಯವರೆಗೆ ಉಳಿ, ಸುತ್ತಿಗೆಯೇ ಗತಿ.

ಈಗ ನನಗೆ ತುಂಬ ಇಷ್ಟವಾದ ಸಂಗತಿ. ಫ್ರಿಜ್ ಇಲ್ಲದ ಕಾಲದಲ್ಲಿ ಕಲ್ಕತ್ತೆಯವರು ಕುಡಿಯುವ ನೀರಿಗೆ ಐಸು ಹಾಕಿಕೊಳ್ಳುತ್ತಿದ್ದರು, ಆ ಐಸು ಅಮೆರಿಕದ್ದು. ಬೋಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಎಂಬ ವ್ಯಾಪಾರಿಗೆ, ಚಳಿಗಾಲದಲ್ಲಿ ತನ್ನೂರಿನ ಸುತ್ತ ಬಿಟ್ಟಿಯಾಗಿ ಹೆಪ್ಪುಗಟ್ಟುವ ಕೆರೆಗಳನ್ನು ಬಿಸಿಲು ನಾಡಿಗೆ ಮಾರಬೇಕೆಂಬ ಹಟ. ಕುದುರೆ ಎಳೆಯುವ ನೇಗಿಲಿನಂಥ ಸಾಧನದಿಂದ ಕೆರೆಯ ಮೇಲೆ ಗೆರೆ ಕೊರೆದು, ಚೌಕ ಚೌಕವಾಗಿ ಗಡ್ಡೆ ಕತ್ತರಿಸಿ, ಸುತ್ತ ಮರ ಕೊಯ್ದ ಪುಡಿ ತುಂಬಿ ಹಡಗಿಗೇರಿಸುತ್ತಿದ್ದರು. 1833ರ ಮೇ ತಿಂಗಳಲ್ಲಿ 'ಟಸ್ಕನಿ' ಎಂಬ ಹಡಗು ಸುಮಾರು 180 ಟನ್ ಐಸು ಹೊತ್ತು ಬೋಸ್ಟನ್ ಬಿಟ್ಟಿತು. ಆಫ್ರಿಕಾದ ತುದಿ ಬಳಸಿ, ಸಮಭಾಜಕ ವೃತ್ತವನ್ನು ಎರಡು ಸಲ ದಾಟಿ, ಸೆಪ್ಟೆಂಬರಿನಲ್ಲಿ ಕಲ್ಕತ್ತೆ ತಲುಪಿದಾಗ ಸುಮಾರು 100 ಟನ್ ಇನ್ನೂ ಕರಗದೆ ಉಳಿದಿತ್ತು! ತಂಪು ಮಾಡುವ ಯಾವ ಯಂತ್ರವೂ ಇರಲಿಲ್ಲ. ಸರ್ಕಾರ ಸುಂಕ ಬಿಟ್ಟುಕೊಟ್ಟಿತು, ತಂಪು ಹೊತ್ತಿನಲ್ಲಿ ಇಳಿಸಲಿ ಎಂದು ರಾತ್ರಿ ಕೆಲಸಕ್ಕೂ ಅನುಮತಿ ಕೊಟ್ಟಿತು.

ಆ ಐಸು ಕೂಡಿಡಲು ಕಟ್ಟಿದ ದಪ್ಪ ಗೋಡೆಯ ಮನೆಗಳಲ್ಲಿ ಒಂದು ಇವತ್ತಿಗೂ ಚೆನ್ನೈನ ಮರೀನಾ ಕಡಲತೀರದಲ್ಲಿ ನಿಂತಿದೆ. 1897ರಲ್ಲಿ ಪಶ್ಚಿಮದಿಂದ ಮರಳಿದ ಸ್ವಾಮಿ ವಿವೇಕಾನಂದರು ಕೆಲವು ದಿನ ತಂಗಿದ್ದು ಅಲ್ಲೇ. ಈಗ ಅದು ವಿವೇಕಾನಂದರ್ ಇಲ್ಲಂ. ಚೆನ್ನೈಗೆ ಹೋದವರು ಸಮುದ್ರ ನೋಡಿ ಹಾಗೇ ಬಂದುಬಿಡಬೇಡಿ, ಒಳಗೆ ಹೋಗಿ ಬನ್ನಿ.

ಅಂಚೆಚೀಟಿಯ ಸುತ್ತಲಿನ ತೂತುಗಳು ಮೊದಲು ಇರಲಿಲ್ಲ. 1840ರ ಮೇ ತಿಂಗಳಲ್ಲಿ ಹೊರಬಂದ ಜಗತ್ತಿನ ಮೊದಲ ಚೀಟಿ 'ಪೆನ್ನಿ ಬ್ಲ್ಯಾಕ್' ಅನ್ನು ಹಾಳೆಯಿಂದ ಕತ್ತರಿಯಲ್ಲೇ ಬಿಡಿಸಿಕೊಳ್ಳಬೇಕಿತ್ತು. ಆಗ ಬೇರೆ ಯಾವ ದೇಶದಲ್ಲೂ ಅಂಚೆಚೀಟಿ ಇರಲಿಲ್ಲ, ಹಾಗಾಗಿ ಅದರ ಮೇಲೆ ದೇಶದ ಹೆಸರು ಹಾಕಲಿಲ್ಲ. ಬ್ರಿಟನ್ ಇವತ್ತಿಗೂ ತನ್ನ ಚೀಟಿಗಳ ಮೇಲೆ ಹೆಸರು ಬರೆಯುವುದಿಲ್ಲ, ರಾಜನ ಅಥವಾ ರಾಣಿಯ ತಲೆಯೊಂದೇ ಗುರುತು.

ಸ್ವಾತಂತ್ರ್ಯ ಬಂದ ದಿನ ದೇಶದ ಎಲ್ಲ ಗಡಿಯಾರಗಳೂ ಒಂದೇ ಹೊತ್ತು ತೋರಿಸುತ್ತಿದ್ದವು ಎಂದುಕೊಂಡಿದ್ದೀರಾ? ಭಾರತೀಯ ಕಾಲಮಾನ ಜಾರಿಗೆ ಬಂದದ್ದು 1906ರಲ್ಲಿ. ಆದರೂ ಕಲ್ಕತ್ತೆ 1948ರವರೆಗೆ, ಬೊಂಬಾಯಿ 1955ರವರೆಗೆ ತಮ್ಮ ತಮ್ಮ ಸಮಯವನ್ನು ಬಿಟ್ಟುಕೊಡಲಿಲ್ಲ. ದೇಶದ ಗಡಿಯಾರ ಮಧ್ಯಾಹ್ನ 12 ಎಂದಾಗ ಬೊಂಬಾಯಿ ಗಡಿಯಾರದಲ್ಲಿ 11 ಗಂಟೆ 21 ನಿಮಿಷ, ಕಲ್ಕತ್ತೆಯಲ್ಲಿ 12 ಗಂಟೆ 24 ನಿಮಿಷದ ಸುಮಾರು. 1906ಕ್ಕೆ ಮುಂಚೆ ರೈಲುಗಳು ಇವೆರಡನ್ನೂ ಬಿಟ್ಟು ಮದರಾಸಿನ ವೀಕ್ಷಣಾಲಯದ ಸಮಯದಂತೆ ಓಡುತ್ತಿದ್ದವು. ಬೊಂಬಾಯಿಯಲ್ಲಿ ರೈಲು ಹಿಡಿಯುವವರು ಎರಡು ಸಮಯಗಳ ಲೆಕ್ಕ ತಲೆಯಲ್ಲಿಟ್ಟುಕೊಂಡೇ ಮನೆ ಬಿಡಬೇಕಿತ್ತು.

'ಹೆಬ್ಬೆಟ್ಟು' ಎಂದು ಓದುಬರಹ ಬಾರದವರನ್ನು ಹೀಯಾಳಿಸುವ ಕೆಟ್ಟ ರೂಢಿ ನಮ್ಮಲ್ಲಿದೆ. ಈಗ ರೇಷನ್ ಅಂಗಡಿಯಿಂದ ಮೊಬೈಲ್ ಸಿಮ್‌ವರೆಗೆ ಎಲ್ಲರೂ ಹೆಬ್ಬೆಟ್ಟು ಒತ್ತುವವರೇ. ಈ ವಿದ್ಯೆ ಬೆಳೆದದ್ದು ಬಂಗಾಳದಲ್ಲಿ. 1858ರಲ್ಲಿ ಜಂಗೀಪುರದ ಅಧಿಕಾರಿ ವಿಲಿಯಂ ಹರ್ಷೆಲ್, ರಸ್ತೆಗೆ ಜಲ್ಲಿ ಒದಗಿಸಲು ಒಪ್ಪಿದ ರಾಜ್ಯಧರ ಕೊನಾಯಿ ಎಂಬ ಗುತ್ತಿಗೆದಾರ ಮುಂದೆ ಮಾತು ತಪ್ಪದಿರಲಿ ಎಂದು, ಕಚೇರಿಯ ಮೊಹರಿಗೆ ಬಳಸುವ ಎಣ್ಣೆಮಸಿಯನ್ನೇ ಅವನ ಅಂಗೈಗೆ ಬಳಿದು ಕರಾರಿನ ಹಿಂಬದಿಯಲ್ಲಿ ಒತ್ತಿಸಿಕೊಂಡ. ಆಮೇಲೆ ಹರ್ಷೆಲ್ ವರ್ಷಗಟ್ಟಲೆ ಬೆರಳಚ್ಚುಗಳನ್ನು ಕೂಡಿಟ್ಟು, ಅವು ವಯಸ್ಸಿನೊಂದಿಗೆ ಬದಲಾಗುವುದಿಲ್ಲ ಎಂದು ಕಂಡುಕೊಂಡ.

ಆದರೆ ಸಾವಿರಾರು ಅಚ್ಚುಗಳ ನಡುವೆ ಬೇಕಾದ ಒಂದನ್ನು ಹುಡುಕುವುದು ಹೇಗೆ? ದಾರಿ ತೋರಿಸಿದವರು ಪೊಲೀಸ್ ಇಲಾಖೆಯಲ್ಲಿದ್ದ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಹತ್ತು ಬೆರಳುಗಳಲ್ಲಿ ಸುಳಿ ಇದೆಯೋ ಇಲ್ಲವೋ ಎಂಬುದರ ಮೇಲೆ ಎಲ್ಲ ಅಚ್ಚುಗಳನ್ನೂ 1024 ಗೂಡುಗಳಿಗೆ ಹಂಚುವ ಗಣಿತ ಹಕ್ ಅವರದು. ಜಗತ್ತಿನ ಮೊದಲ ಬೆರಳಚ್ಚು ಕೇಂದ್ರ 1897ರಲ್ಲಿ ತೆರೆದದ್ದು ಕಲ್ಕತ್ತೆಯಲ್ಲಿ, ಲಂಡನ್ನಿನ ಸ್ಕಾಟ್ಲೆಂಡ್ ಯಾರ್ಡ್ ಅದನ್ನು ಅನುಸರಿಸಿದ್ದು 1901ರಲ್ಲಿ. ಪದ್ಧತಿಗೆ ಉಳಿದುಕೊಂಡ ಹೆಸರು ಮಾತ್ರ ಅವರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಯದು. ಹಕ್ ಮತ್ತು ಬೋಸ್ ಅವರಿಗೆ ಖಾನ್ ಬಹಾದ್ದೂರ್, ರಾಯ್ ಬಹಾದ್ದೂರ್ ಬಿರುದುಗಳು ಸಿಕ್ಕವು, ನಿಜ. ಆದರೆ ಪಠ್ಯಪುಸ್ತಕಗಳಲ್ಲಿ ಹೆನ್ರಿಯ ಪಕ್ಕದಲ್ಲಿ ಈ ಇಬ್ಬರ ಹೆಸರೂ ಬರಲೇಬೇಕು.

ಬೆರಳಿನ ಮಾತು ಬಂದಾಗ ಮೈಸೂರನ್ನು ಬಿಡಲಾದೀತೇ? ಮತದಾನದ ಅಳಿಸಲಾಗದ ಶಾಯಿ 1962ರ ಚುನಾವಣೆಯಿಂದ ತಯಾರಾಗುತ್ತಿರುವುದು ಅಲ್ಲಿಯ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆಯಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರು ಅದನ್ನು 1937ರಲ್ಲಿ ಕಟ್ಟಿಸಿದ್ದು ಕಾಡಿನ ಅರಗಿನಿಂದ ಬಣ್ಣ, ಮೇಣ ಮಾಡಲಿಕ್ಕೆ. ಶಾಯಿಯಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮದ ಉಪ್ಪಿನೊಂದಿಗೆ ಸೇರಿ, ಬೆಳಕು ಬಿದ್ದೊಡನೆ ಕಪ್ಪಾಗುತ್ತದೆ. ಸೋಪು, ಎಣ್ಣೆ ಯಾವುದಕ್ಕೂ ಜಗ್ಗದು. ಚರ್ಮದ ಮೇಲ್ಪದರ ಉದುರಿ, ಉಗುರು ಬೆಳೆದು ಕತ್ತರಿಸಿಹೋದಾಗಲೇ ಗುರುತು ಮಾಯವಾಗುವುದು. ಅಂಗಡಿಯಲ್ಲಿ ಈ ಶಾಯಿ ಸಿಗುವುದಿಲ್ಲ. ಕೊಳ್ಳುವವರು ಚುನಾವಣೆ ನಡೆಸುವವರು ಮಾತ್ರ, ಅದರಲ್ಲಿ ಹಲವು ಹೊರದೇಶಗಳೂ ಸೇರಿವೆ.