ಅಪ್ಪ-ಮಗನ ನಡುವೆಯೂ ಒಂದು ಬದು ಇರಲಿ

ಮಾತ್ರೆ ತಪ್ಪದೆ ನುಂಗಿದರೂ ರಕ್ತದೊತ್ತಡ ಇಳಿಯದಿದ್ದರೆ ವೈದ್ಯರು ಉಪ್ಪು, ತಂಬಾಕು, ನಿದ್ದೆಗಳ ಬಗ್ಗೆ ವಿಚಾರಿಸುತ್ತಾರೆ. ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳುವುದು ಒಳ್ಳೆಯದು: ‘ಮನೆಯಲ್ಲಿ ಯಾರ ಕೂಡ ಮಾತು ಬಿಟ್ಟೀರಿ?’

ಮನಸ್ಸು ಕುದಿಯುವಾಗ ಶರೀರದಲ್ಲಿ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ರಸದೂತಗಳು ಹೆಚ್ಚುತ್ತವೆ. ಎದೆ ಬಡಿತ, ರಕ್ತದೊತ್ತಡ, ರಕ್ತದ ಸಕ್ಕರೆ ಏರುತ್ತವೆ. ಗಳಿಗೆಯ ಸಿಟ್ಟಾದರೆ ಎಲ್ಲವೂ ತಾನಾಗಿ ಇಳಿಯುತ್ತವೆ. ಸಿಟ್ಟು ದಿನನಿತ್ಯದ್ದಾದರೆ ನಿದ್ದೆ ಕೆಡುತ್ತದೆ, ತಲೆನೋವು, ಎದೆಯುರಿ ಕಾಡುತ್ತವೆ, ಸಕ್ಕರೆ ಕಾಯಿಲೆ ಹತೋಟಿ ತಪ್ಪುತ್ತದೆ.

ನಮ್ಮ ಕನಮಡಿ, ತಿಕೋಟಾ ಭಾಗದ ದ್ರಾಕ್ಷಿ ತೋಟದ ಒಂದು ಮನೆಯನ್ನು ಊಹಿಸಿಕೊಳ್ಳಿ. ಹೊಲದ ಉತಾರ ತಂದೆಯ ಹೆಸರಿನಲ್ಲಿದೆ, ದುಡಿಮೆ ಮಗನದು. ಔಷಧ ಯಾವಾಗ ಹೊಡೆಯಬೇಕು, ಮಣೂಕ ಯಾವಾಗ ಮಾರಬೇಕು, ಸೊಸೆ ಯಾವಾಗ ತವರಿಗೆ ಹೋಗಬೇಕು, ಎಲ್ಲಕ್ಕೂ ತಂದೆಯದೇ ಅಪ್ಪಣೆ. ಮಗ ಹತ್ತು ವರ್ಷ ನುಂಗಿಕೊಳ್ಳುತ್ತಾನೆ. ಒಂದು ದಿನ ಜಗಳವಾಡಿ, ಹೆಂಡತಿ ಮಕ್ಕಳೊಂದಿಗೆ ವಿಜಯಪುರದಲ್ಲಿ ಬಾಡಿಗೆ ಮನೆ ಹಿಡಿಯುತ್ತಾನೆ. ತಂದೆ ಹಟಕ್ಕೆ ಬಿದ್ದು ಬಿ.ಪಿ. ಮಾತ್ರೆ ಬಿಡುತ್ತಾರೆ. ಈಗ ರೋಗಿಗಳು ಇಬ್ಬರು. ನಡುವೆ ಅಳುವ ತಾಯಿಯನ್ನೂ ಸೇರಿಸಿದರೆ ಮೂವರು.

ಕಡಿದುಹೋದ ಸಂಬಂಧ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಪಕ್ಕದ ಜಿಲ್ಲೆಯೇ ಸಾಕ್ಷಿ. ಬೆಳಗಾವಿಯ ಬಿಮ್ಸ್ ಆಸ್ಪತ್ರೆಯೊಂದರಲ್ಲೇ 150ಕ್ಕೂ ಹೆಚ್ಚು ವೃದ್ಧರನ್ನು ಮನೆಯವರು ಬಿಟ್ಟುಹೋದ ಸಂಗತಿ 2025ರ ಮಾರ್ಚ್‌ನಲ್ಲಿ ಬೆಳಕಿಗೆ ಬಂತು. ಇಂಥ ಮಕ್ಕಳ ವಿರುದ್ಧ ಕ್ರಮ ಕೈಗೊಳ್ಳುವಂತೆ ವೈದ್ಯಕೀಯ ಶಿಕ್ಷಣ ಸಚಿವ ಡಾ. ಶರಣಪ್ರಕಾಶ ಪಾಟೀಲರು ಸೂಚಿಸಿದರು. ಬಿಟ್ಟುಹೋಗುವುದಕ್ಕೆ ಬಡತನ, ಸ್ವಾರ್ಥ ಹೀಗೆ ಕಾರಣಗಳು ಹಲವಿರಬಹುದು. ಹಳೆಯ ಮುನಿಸೂ ಅವುಗಳಲ್ಲಿ ಒಂದಾಗದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ.

ರೈತರು ಎರಡು ಹೊಲಗಳ ನಡುವೆ ಬದು ಹಾಕುವುದು ಹಗೆತನಕ್ಕಲ್ಲ. ಮಳೆಗೆ ಮಣ್ಣು ಕೊಚ್ಚಿಹೋಗದಿರಲಿ ಎಂದು. ಬದುವಿನ ಮೇಲೆ ಇಬ್ಬರೂ ಓಡಾಡುತ್ತಾರೆ. ಸಂಬಂಧದಲ್ಲಿಯೂ ಇಂಥ ಬದುವನ್ನು ಸಕಾಲದಲ್ಲಿ ಹಾಕಿಕೊಂಡರೆ ಮನೆ ಬಿಟ್ಟು ಹೋಗುವ ಪ್ರಸಂಗ ಎಷ್ಟೋ ಸಲ ತಪ್ಪುತ್ತದೆ.

ಮೊದಲು ತಪಾಸಣೆ

ತಂದೆ ತಾಯಿಯರ ಸ್ವಭಾವ ಇತ್ತೀಚೆಗೆ ಬದಲಾಗಿದೆಯೇ? ಮೊದಲಿಲ್ಲದ ಸಂಶಯ, ಬೈಗುಳ, ಹಣ ಕದ್ದರೆಂಬ ಆರೋಪ ಶುರುವಾಗಿದ್ದರೆ ಜಗಳಕ್ಕಿಳಿಯುವ ಮುನ್ನ ವೈದ್ಯರಿಗೆ ತೋರಿಸಿ. ಮರೆವಿನ ಕಾಯಿಲೆ, ಖಿನ್ನತೆ, ಥೈರಾಯ್ಡ್ ದೋಷ, ಕಿವುಡುತನಗಳು ಹೀಗೆ ಕಾಣಿಸಿಕೊಳ್ಳಬಹುದು. ಎರಡು ಮೂರು ದಿನಗಳಲ್ಲೇ ಗೊಂದಲದ ಮಾತು ಆರಂಭವಾದರೆ ಮೂತ್ರದ ಸೋಂಕು ಅಥವಾ ರಕ್ತದಲ್ಲಿ ಸೋಡಿಯಂ ಕೊರತೆ ಇರಬಹುದು, ತಡಮಾಡಬೇಡಿ. ಕುಡಿತದ ಚಟಕ್ಕೂ ಚಿಕಿತ್ಸೆ ಇದೆ.

ಎಲ್ಲೆ ಎಲ್ಲಿ?

ಊಟ, ಔಷಧ, ಆಸರೆ, ಗೌರವ ಇವು ಹೆತ್ತವರ ಹಕ್ಕು. ಇವುಗಳಲ್ಲಿ ಚೌಕಾಶಿ ಸಲ್ಲದು. ಆದರೆ ಮಗನ ಸಂಬಳವೆಲ್ಲ ತಮ್ಮ ಕೈಗೇ ಬರಬೇಕು, ಸೊಸೆಗೆ ಎಷ್ಟು ಮಕ್ಕಳಾಗಬೇಕೆಂದು ತಾವೇ ಹೇಳಬೇಕು, ಮಗಳು ಇಷ್ಟವಿಲ್ಲದ ಮದುವೆಗೆ ಒಪ್ಪಬೇಕು ಎನ್ನುವುದು ಹಕ್ಕಲ್ಲ. ಇಲ್ಲಿ ‘ಇಲ್ಲ’ ಎಂದರೆ ಪಾಪ ಬರುವುದಿಲ್ಲ.

ಹೇಳುವುದು ಹೇಗೆ?

1. ಸಿಟ್ಟಿನ ಹೊತ್ತಿನಲ್ಲಿ, ನೆರೆಹೊರೆಯವರ ಎದುರು ಹೇಳಬೇಡಿ. ಊಟವಾಗಿ ಮನಸ್ಸು ಶಾಂತವಾಗಿದ್ದಾಗ ಹೇಳಿ.

2. ಹಳೆಯದನ್ನೆಲ್ಲ ಕೆದಕದೆ ಒಂದೇ ವಿಷಯ ಎತ್ತಿಕೊಳ್ಳಿ. ‘ಅಪ್ಪಾ, ನಿನ್ನ ಔಷಧದ ಖರ್ಚು ನಂದು. ಕುಡಿಯಾಕ ಮಾತ್ರ ರೊಕ್ಕ ಕೊಡಂಗಿಲ್ಲ.’

3. ಬೆದರಿಕೆ ಬೇಡ, ನೀವು ಮಾಡುವುದನ್ನಷ್ಟೇ ತಿಳಿಸಿ. ‘ಅವ್ವಾ, ಅಕಿಗಿ ಬೈದ್ರ ನಾ ಎದ್ದು ಹೊರಗ ಹೋಗತೀನಿ. ಸಂಜೀಕ ಮತ್ತ ಬಂದು ಮಾತಾಡತೀನಿ.’ ಸಂಜೆ ತಪ್ಪದೆ ಬನ್ನಿ.

4. ಆರಂಭದಲ್ಲಿ ಮುನಿಸು, ಅಳು, ಉಪವಾಸ ನಡೆದಾವು. ಹಟದ ಉಪವಾಸವಿದ್ದರೂ ಸಕ್ಕರೆ ಕಾಯಿಲೆಯವರನ್ನು ಹಾಗೆಯೇ ಬಿಡಬೇಡಿ; ಊಟ, ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳಿ. ಹೇಳಿದ ಮಾತನ್ನು ಮಾತ್ರ ಸಡಿಲಿಸಬೇಡಿ.

ದೂರವೇ ಮದ್ದಾದಾಗ

ಹೊಡೆತ, ಜೀವಬೆದರಿಕೆ, ಲೈಂಗಿಕ ಕಿರುಕುಳ ಇದ್ದಲ್ಲಿ ಹೊಂದಿಕೊಂಡು ಹೋಗಿ ಎನ್ನುವುದು ಸಲಹೆಯಲ್ಲ. ಮೊದಲು ಸುರಕ್ಷಿತ ಜಾಗಕ್ಕೆ ಹೋಗಬೇಕು. ತುರ್ತಿಗೆ 112 ಇದೆ. ಮಹಿಳೆಯರಿಗೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆ ಇದೆ. ಮನಸ್ಸಿನ ಕಳವಳಕ್ಕೆ ‘ಟೆಲಿ ಮಾನಸ್’ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಉಚಿತ ಸಲಹೆ ದೊರೆಯುತ್ತದೆ.

ಮನೆ ಬೇರೆಯಾದರೂ ಹೊಣೆ ಮುಗಿಯುವುದಿಲ್ಲ. 2007ರ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆಯಂತೆ, ಸ್ವಂತ ಆದಾಯ, ಆಸ್ತಿಯಿಂದ ಬದುಕಲಾಗದ ತಂದೆ ತಾಯಿ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಅರ್ಜಿ ಕೊಟ್ಟು ಮಕ್ಕಳಿಂದ ಜೀವನಾಂಶ ಪಡೆಯಬಹುದು. ಹಿರಿಯರ ಸಹಾಯವಾಣಿ 14567.

ಹಿರಿಯರಿಗೂ ಒಂದು ಮಾತು

ಮಗ ‘ಇಲ್ಲ’ ಎಂದ ಮಾತ್ರಕ್ಕೆ ಕೈಬಿಟ್ಟನೆಂದು ತಿಳಿಯಬೇಡಿ. ಮುಖ ಕೊಟ್ಟು ‘ಇಲ್ಲ’ ಎನ್ನುವ ಮಗ ಇನ್ನೂ ನಿಮ್ಮ ಹತ್ತಿರವೇ ಇದ್ದಾನೆ. ಎಲ್ಲಕ್ಕೂ ‘ಹೂಂ’ ಎನ್ನುತ್ತ ಒಳಗೇ ಕುದಿಯುವ ಮಗನ ಬಗ್ಗೆ ಚಿಂತಿಸಿ. ಸಿಟ್ಟು ಎಷ್ಟೇ ಇರಲಿ, ಬಿ.ಪಿ. ಮಾತ್ರೆಯ ಮೇಲೆ ತೀರಿಸಿಕೊಳ್ಳಬೇಡಿ. ಆ ಹಟದಲ್ಲಿ ಗೆಲ್ಲುವುದು ಲಕ್ವ ಮಾತ್ರ.